ರೇಡ್ ಆಟಗಳಲ್ಲಿ ಹೀಲರ್

ಹೀಲರ್: ಆನ್‌ಲೈನ್ ಆಟಗಳಲ್ಲಿ ಸಂಗಡಿಗರ ಗಾಯ ಮಾಯಿಸಿ ಅವರನ್ನು ಬದುಕಿಸಿಡುವ ಹೊಣೆ ಹೊತ್ತ ಆಟಗಾರ. ಹಲವಾರು ಮಂದಿ ಒಟ್ಟಾಗಿ ಒಬ್ಬ ಬಲಾಢ್ಯ ಬಾಸ್ ಮೇಲೆ ಬೀಳುವ ರೇಡ್‌ನಲ್ಲಿ ಟ್ಯಾಂಕ್ ಏಟು ತಿನ್ನುತ್ತಾನೆ, ಬಹುಪಾಲು ಜನ ಹೊಡೆಯುತ್ತಾರೆ, ಬೆರಳೆಣಿಕೆಯ ಹೀಲರ್‌ಗಳು ಎಲ್ಲರ ಹೆಲ್ತ್ ಬಾರ್ ಕಾಯುತ್ತಾರೆ. ಗೆದ್ದಾಗ ಇವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಸೋತರೆ ಮೊದಲು ಕೇಳುವುದೇ ಇವರ ಹೆಸರು.

ಈ ಪಾತ್ರ ಕಂಪ್ಯೂಟರ್‌ನಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟದಲ್ಲಿ ಕ್ಲೆರಿಕ್ ಎಂಬ ಪೂಜಾರಿ-ಯೋಧ ಇದ್ದ. ಆರ್ನೆಸನ್ ಅದಕ್ಕೂ ಮೊದಲು ಆಡಿಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ಸರ್ ಫ್ಯಾಂಗ್ ಎಂಬ ರಕ್ತಪಿಶಾಚಿಯ ಉಪಟಳ ತಡೆಯಲು ಸೃಷ್ಟಿಯಾದ ಪಾತ್ರವಿದು. ಪಿಶಾಚಿ ಮರೆತುಹೋಯಿತು, ಗಾಯ ಮಾಯಿಸುವ ಮಂತ್ರ ಉಳಿಯಿತು. 1991ರ ಹೊತ್ತಿಗೆ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದ ‘ಡಿಕುಮಡ್’ ಎಂಬ ಅಕ್ಷರಗಳಲ್ಲೇ ನಡೆಯುವ ಆಟ ಇದನ್ನು ಜಾಲಕ್ಕೆ ತಂದಿತು.

ರೇಡ್ ಹೀಲರ್‌ನ ನಿಜವಾದ ಗರಡಿಮನೆ ಮಾತ್ರ 1999ರ ಮಾರ್ಚ್‌ನಲ್ಲಿ ಬಂದ ‘ಎವರ್‌ಕ್ವೆಸ್ಟ್’. ಅದರಲ್ಲಿ ಕ್ಲೆರಿಕ್‌ಗಳ ಬಳಿ ‘ಕಂಪ್ಲೀಟ್ ಹೀಲ್’ ಎಂಬ ಮಂತ್ರವಿತ್ತು. ಒಂದೇ ಸಲಕ್ಕೆ ಟ್ಯಾಂಕ್‌ನ ಜೀವವನ್ನು ಹೆಚ್ಚುಕಡಿಮೆ ಪೂರ್ತಿ ತುಂಬುತ್ತಿತ್ತು, ಆದರೆ ಹಾಕಿ ಮುಗಿಸಲು 10 ಸೆಕೆಂಡ್ ಬೇಕು. ಬಾಸ್ ಅಷ್ಟು ಹೊತ್ತು ಕಾಯುವುದಿಲ್ಲವಲ್ಲ! ಆಟಗಾರರೇ ಉಪಾಯ ಕಂಡುಕೊಂಡರು. ಕ್ಲೆರಿಕ್‌ಗಳಿಗೆ ಸರದಿ ಸಂಖ್ಯೆ ಕೊಡುವುದು, ಒಬ್ಬರು ಮಂತ್ರ ಶುರುಮಾಡಿ ಚಾಟ್‌ನಲ್ಲಿ ಸಾರಿದ ಕೆಲವೇ ಸೆಕೆಂಡ್‌ಗಳಿಗೆ ಮುಂದಿನವರು ಶುರುಮಾಡುವುದು. ಹೀಗೆ ಮಂತ್ರಗಳು ಸರಪಳಿಯಂತೆ ಒಂದರ ಹಿಂದೊಂದು ಬಂದು ಟ್ಯಾಂಕ್‌ಗೆ ತಗಲುತ್ತಿದ್ದವು. ಒಬ್ಬರು ತೂಕಡಿಸಿದರೆ ಟ್ಯಾಂಕ್ ಸತ್ತ, ಅವನ ಹಿಂದೆ ಇಡೀ ರೇಡ್. ತನ್ನ ಸರದಿ ಮುಗಿಯುವಷ್ಟರಲ್ಲಿ ಟ್ಯಾಂಕ್ ಆಗಲೇ ಚೇತರಿಸಿಕೊಂಡಿದ್ದರೆ ಜಾಣ ಕ್ಲೆರಿಕ್ ಕಡೇ ಕ್ಷಣದಲ್ಲಿ ಕುಕ್ಕರಿಸಿ ಮಂತ್ರ ಮುರಿದು ಮಾನಾ (ಮಂತ್ರ ಹಾಕಲು ಖರ್ಚಾಗುವ ಶಕ್ತಿ) ಉಳಿಸಿಕೊಳ್ಳುತ್ತಿದ್ದ. ಮಾನಾ ಬೇಗ ತುಂಬಬೇಕಾದರೆ ಕುಳಿತು ಧ್ಯಾನ ಮಾಡಬೇಕು. ಆರಂಭದ ದಿನಗಳಲ್ಲಿ ಕೆಳ ಹಂತದ ಪಾತ್ರಗಳಿಗೆ ಆಗ ತೆರೆದ ಮಂತ್ರಪುಸ್ತಕವೇ ಪರದೆ ತುಂಬಿಕೊಳ್ಳುತ್ತಿದ್ದುದರಿಂದ ಸುತ್ತ ನಡೆಯುವುದೇನೂ ಕಾಣುತ್ತಿರಲಿಲ್ಲ.

2004ರ ನವೆಂಬರ್ 23ರಂದು ಬಿಡುಗಡೆಯಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಈ ಕೆಲಸವನ್ನು ಲಕ್ಷಾಂತರ ಜನಕ್ಕೆ ಹಂಚಿತು. ಮೋಲ್ಟನ್ ಕೋರ್ ರೇಡ್‌ಗೆ 40 ಮಂದಿ ನುಗ್ಗಬಹುದಿತ್ತು. ಗುಣಪಡಿಸಬಲ್ಲ ಪಾತ್ರಗಳಲ್ಲಿ ಪ್ರೀಸ್ಟ್ ಮತ್ತು ಡ್ರೂಯಿಡ್ ಆಟದ ಎರಡೂ ಬಣಗಳಲ್ಲಿದ್ದರೆ, ಪ್ಯಾಲಡಿನ್ ಒಂದು ಬಣಕ್ಕೆ, ಶಾಮನ್ ಇನ್ನೊಂದಕ್ಕೆ ಮೀಸಲು. ಈ ಬೇಲಿ ಬಿದ್ದದ್ದು 2007ರಲ್ಲಿ. ಆರಂಭದ ವರ್ಷಗಳ ಹೀಲರ್‌ಗಿರಿ ಎಂದರೆ ಜಿಪುಣತನದ ಕಲೆ. ಮಂತ್ರ ಹಾಕಿ 5 ಸೆಕೆಂಡ್ ಸುಮ್ಮನಿದ್ದರಷ್ಟೇ ಮಾನಾ ಚೆನ್ನಾಗಿ ಮರಳುತ್ತಿತ್ತು. ಹಾಗಾಗಿ ದೊಡ್ಡ ಮಂತ್ರ ಕಲಿತವರೂ ಅದೇ ಮಂತ್ರದ ಹಳೆಯ, ಅಗ್ಗದ ದರ್ಜೆಯನ್ನೇ ಬಳಸುತ್ತಿದ್ದರು. 2008ರಲ್ಲಿ ಮಂತ್ರಗಳ ಬೆಲೆ ಲೆಕ್ಕಹಾಕುವ ರೀತಿ ಬದಲಾಗಿ ಈ ಯುಕ್ತಿ ಸತ್ತಿತು. ಅದಕ್ಕೂ ಮುನ್ನ, 2006ರ ನಾಕ್ಸ್‌ರಮಸ್ ರೇಡ್‌ನಲ್ಲಿ ಲೋಥೆಬ್ ಎಂಬ ಬಾಸ್ ಎದುರು ಪ್ರತಿ ಹೀಲರ್‌ಗೆ ನಿಮಿಷಕ್ಕೆ ಒಂದೇ ಮಂತ್ರ. ಎವರ್‌ಕ್ವೆಸ್ಟ್‌ನ ಸರದಿ ಪಟ್ಟಿ ಮತ್ತೆ ಹೊರಬಂತು.

ಯಂತ್ರದ ನೆರವೂ ಬೆಳೆಯಿತು. ‘ಡಿಕರ್ಸಿವ್’ ಎಂಬ ಆಡ್-ಆನ್ (ಆಟಕ್ಕೆ ಜೋಡಿಸುವ ಪುಟ್ಟ ತಂತ್ರಾಂಶ) ಯಾರಿಗೆ ಶಾಪ ತಗಲಿದೆಯೆಂದು ತಾನೇ ಹುಡುಕಿ ಬಿಡಿಸುತ್ತಿತ್ತು. ಆಟಗಾರ ಒಂದೇ ಬಟನ್ ಒತ್ತುತ್ತಿದ್ದರೆ ಸಾಕು. 2006ರ ಡಿಸೆಂಬರ್‌ನಲ್ಲಿ ವಾರ್‌ಕ್ರಾಫ್ಟ್ ತಯಾರಿಸಿದ ಬ್ಲಿಝರ್ಡ್ ಕಂಪನಿ ಅಂಥ ಸ್ವಯಂಚಾಲಿತ ಆಯ್ಕೆಗೆ ತಡೆ ಹಾಕಿತು. ಕಂಪನಿಯ ಅತ್ಯಂತ ಸೊಗಸಾದ ಕಲ್ಪನೆ ಬಂದದ್ದು ಇನ್ನೂ ತಡವಾಗಿ, ಐಸ್‌ಕ್ರೌನ್ ಸಿಟಡೆಲ್ ರೇಡ್‌ನಲ್ಲಿ: ವಲಿಥ್ರಿಯಾ ಎಂಬ ಗಾಯಗೊಂಡ ಡ್ರ್ಯಾಗನ್ ಅನ್ನು ಕೊಲ್ಲಬೇಕಿಲ್ಲ, ಪೂರ್ತಿ ಗುಣಪಡಿಸಿದರೆ ಗೆಲುವು.

ಎಷ್ಟೇ ಸೊಗಸಿದ್ದರೂ ಹೀಲರ್ ಆಗಲು ಮುಂದೆ ಬರುವವರು ಕಡಿಮೆ. 2009ರ ಡಿಸೆಂಬರ್‌ನಲ್ಲಿ ವಾರ್‌ಕ್ರಾಫ್ಟ್‌ಗೆ ಅಪರಿಚಿತರನ್ನು ಪಾತ್ರವಾರು ಜೋಡಿಸುವ ವ್ಯವಸ್ಥೆ ಬಂದಾಗ ಹೊಡೆಯುವವರ ಸರದಿ ಉದ್ದವಾಯಿತು. 2011ರಲ್ಲಿ ಕೊರತೆಯಿರುವ ಪಾತ್ರಕ್ಕೆ ಹೆಚ್ಚುವರಿ ಬಹುಮಾನವನ್ನೇ ಇಡಬೇಕಾಯಿತು. ಇದು ಹೆಂಗಸರ ಪಾತ್ರ ಎಂಬ ನಂಬಿಕೆಯೂ ಆಟಗಾರರಲ್ಲಿ ಬೇರೂರಿತ್ತು. ನಿಕ್ ಯೀ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಡಸರು ಹೆಣ್ಣು ಪಾತ್ರ ತೊಟ್ಟಾಗ ಹೆಚ್ಚು ಗುಣಪಡಿಸುತ್ತಾರೆ. ನಂಬಿಕೆ ನಡತೆಯನ್ನೇ ಬದಲಿಸಿತ್ತು.

ಹೀಲರ್ ಇಲ್ಲದೆಯೇ ಆಟ ಕಟ್ಟುವ ಪ್ರಯತ್ನವೂ ನಡೆಯಿತು. 2012ರ ‘ಗಿಲ್ಡ್ ವಾರ್ಸ್ 2’ ಪ್ರತಿಯೊಬ್ಬರಿಗೂ ಸ್ವಂತ ಮದ್ದು ಕೊಟ್ಟು ಪಾತ್ರವನ್ನೇ ಕೈಬಿಟ್ಟಿತು. 2015ರಲ್ಲಿ ರೇಡ್ ಸೇರಿಸಿದಾಗ ಅದೇ ಆಟಕ್ಕೆ ಗುಣಪಡಿಸುವ ಡ್ರೂಯಿಡ್ ಬಂದ. 2013ರಲ್ಲಿ ಮರುಹುಟ್ಟು ಪಡೆದ ‘ಫೈನಲ್ ಫ್ಯಾಂಟಸಿ 14’ ಇಂಥ ಪ್ರಯೋಗಕ್ಕೆ ಹೋಗಲೇ ಇಲ್ಲ: ಅದರ 8 ಮಂದಿಯ ರೇಡ್ ತಂಡದಲ್ಲಿ ಇಬ್ಬರು ಟ್ಯಾಂಕ್, ನಾಲ್ವರು ಹೊಡೆಯುವವರು, ಇಬ್ಬರು ಹೀಲರ್‌ಗಳು.