ಅನಿಮೆ ಅಧ್ಯಯನ

ಜಪಾನಿನ ಅನಿಮೇಷನ್ ಚಿತ್ರಗಳನ್ನು, ಅಂದರೆ ಅನಿಮೆಯನ್ನು, ಸಂಸ್ಕೃತಿ ಚಿಂತನೆ, ಸ್ತ್ರೀವಾದ, ಮನೋವಿಶ್ಲೇಷಣೆ, ಮಾಧ್ಯಮ ಸಿದ್ಧಾಂತ ಮೊದಲಾದ ನೆಲೆಗಳಿಂದ ವಿಮರ್ಶಿಸುವ ವಿದ್ವತ್ ಕ್ಷೇತ್ರ. ವಿಶ್ವವಿದ್ಯಾಲಯಗಳಲ್ಲಿ ಇದು ನೆಲೆಯೂರಿದ್ದು ಈಚಿನ ಕೆಲವು ದಶಕಗಳಲ್ಲಿ. ಇದರ ಹಿಂದಿನ ಚಿಂತನೆ ಮಾತ್ರ ಸಾಕಷ್ಟು ಹಳೆಯದು.

ಜಪಾನಿನಲ್ಲಿ ಸ್ಥಳೀಯ ಅನಿಮೇಷನ್ ಚಿತ್ರಗಳು 1917ರಲ್ಲಿ ಚಿತ್ರಮಂದಿರಕ್ಕೆ ಬಂದವು. ಅವನ್ನು ಕುರಿತ ಮೊದಲ ಗಂಭೀರ ಸಿದ್ಧಾಂತ ಗ್ರಂಥಗಳಲ್ಲಿ ಒಂದಾದ ‘ಮಾಂಗಾ ಎಯಿಗಾ ರೋನ್’ 1941ರಲ್ಲಿ ಪ್ರಕಟವಾಯಿತು. ಅದನ್ನು ಬರೆದ ತೈಹೇ ಇಮಾಮುರಾ ಸಾಕ್ಷ್ಯಚಿತ್ರಗಳ ಬಗೆಗೂ ಆಳವಾಗಿ ಯೋಚಿಸಿದ ವಿಮರ್ಶಕ. ಡಿಸ್ನಿ ಚಿತ್ರಗಳ ಚಲನೆಯನ್ನು ಮೆಚ್ಚಿಕೊಂಡೇ, ಜಪಾನಿನ ಹಳೆಯ ಚಿತ್ರಸುರುಳಿಗಳ ಪರಂಪರೆಯಿಂದ ಈ ಕಲೆ ಏನು ಪಡೆಯಬಹುದು ಎಂದು ಅವರು ಕೇಳಿದರು. ಆ ಹೊತ್ತಿಗೆ ಯುದ್ಧ ನಡೆದಿತ್ತು. 1945ರಲ್ಲಿ ನೌಕಾಪಡೆಯ ಪ್ರಚಾರಕ್ಕೆಂದು ಮಿತ್ಸುಯೊ ಸೆಓ ನಿರ್ದೇಶಿಸಿದ ‘ಮೊಮೊತಾರೊ’ ಚಿತ್ರವನ್ನು ಒಸಾಕಾದಲ್ಲಿ ನೋಡಿದವರಲ್ಲಿ ಒಸಾಮು ತೆಝುಕಾ ಎಂಬ ವಿದ್ಯಾರ್ಥಿಯೂ ಇದ್ದ.

1963ರ ಜನವರಿ 1ರಂದು ಅದೇ ತೆಝುಕಾ ಅವರ ‘ಆ್ಯಸ್ಟ್ರೋ ಬಾಯ್’ ಟಿವಿಯಲ್ಲಿ ಶುರುವಾಯಿತು. ವಾರಕ್ಕೊಂದು ಕಂತು ಮುಗಿಸಲೇಬೇಕಾದ ಒತ್ತಡ, ಕೈಯಲ್ಲಿ ಕಡಿಮೆ ಹಣ. ಹಾಗಾಗಿ ಮುಖ ಅಲುಗದು, ಬಾಯಿ ಮಾತ್ರ ಆಡುತ್ತದೆ. ಒಮ್ಮೆ ಬರೆದ ಹಾರಾಟದ ಚಿತ್ರಗಳು ಮತ್ತೆ ಮತ್ತೆ ಬಳಕೆಯಾಗುತ್ತವೆ. ಬಹುಕಾಲ ಇದನ್ನು ಬಡತನದ ಲಕ್ಷಣವೆಂದೇ ಕಂಡರು. ಆದರೆ ಇದಕ್ಕೆ ಇನ್ನೊಂದು ಮುಖವೂ ಇತ್ತು. ಧಾರಾವಾಹಿಯ ಪ್ರಾಯೋಜಕರಾದ ಮೇಜಿ ಮಿಠಾಯಿ ಕಂಪನಿಯವರು ಚಾಕೊಲೇಟಿನ ಜೊತೆ ಕಥಾನಾಯಕ ಆಟಂನ ಸ್ಟಿಕ್ಕರ್ ಕೊಟ್ಟರು, ಮಕ್ಕಳು ಅವನ್ನು ಸಿಕ್ಕಸಿಕ್ಕ ಕಡೆ ಅಂಟಿಸಿದರು. ನಿಂತ ಚಿತ್ರಕ್ಕೂ ಟಿವಿಯಲ್ಲಿ ಅಷ್ಟಿಷ್ಟೇ ಅಲುಗುವ ಚಿತ್ರಕ್ಕೂ ಹೆಚ್ಚು ಅಂತರವಿಲ್ಲದ್ದರಿಂದಲೇ ಪಾತ್ರವೊಂದು ತೆರೆಯಿಂದ ಇಳಿದು ಸರಕುಗಳ ಮೇಲೆಲ್ಲ ಸಲೀಸಾಗಿ ಓಡಾಡಿತು ಎಂದು ಮಾರ್ಕ್ ಸ್ಟೈನ್‌ಬರ್ಗ್ 2012ರಲ್ಲಿ ವಾದಿಸಿದರು. ಈ ಕ್ಷೇತ್ರದ ಅತ್ಯಂತ ಗಟ್ಟಿ ವಾದಗಳಲ್ಲಿ ಇದೂ ಒಂದು. ಅದು ಶುರುವಾಗುವುದು ಒಂದು ಸ್ಟಿಕ್ಕರಿನಿಂದ.

ಸ್ಟಿಕ್ಕರನ್ನು ಚಿಂತನೆಯ ವಸ್ತುವಾಗಿಸಿದವರಲ್ಲಿ ಸ್ಟೈನ್‌ಬರ್ಗ್ ಮೊದಲಿಗರಲ್ಲ. ಮಾಂಗಾ, ಅಂದರೆ ಜಪಾನಿ ಚಿತ್ರಕಥೆಗಳ, ಸಂಪಾದಕರಾಗಿದ್ದ ಎಯ್ಜಿ ಒತ್ಸುಕಾ 1989ರಲ್ಲೇ ‘ಬಿಕ್ಕುರಿಮನ್’ ಚಾಕೊಲೇಟಿನ ಸ್ಟಿಕ್ಕರುಗಳನ್ನು ಎತ್ತಿಕೊಂಡಿದ್ದರು. ಒಂದೊಂದರ ಹಿಂದೆಯೂ ಕಥೆಯ ಒಂದು ತುಣುಕು ಇರುತ್ತಿತ್ತು. ಮಕ್ಕಳು ಕೊಳ್ಳುತ್ತಿದ್ದುದು ತಿಂಡಿಯನ್ನಲ್ಲ, ತುಣುಕುಗಳ ಹಿಂದೆ ಅಡಗಿದ ಮಹಾಕಥೆಯನ್ನು ಎಂಬುದು ಅವರ ಮಾತು. ಫ್ರೆಂಚ್ ತತ್ವಜ್ಞಾನಿ ದೆರಿದಾ ಕುರಿತ ಪುಸ್ತಕದಿಂದ ಹೆಸರಾಗಿದ್ದ ಹಿರೋಕಿ ಅಝುಮಾ 2001ರಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದೊಯ್ದರು. ಈಗಿನ ಅಭಿಮಾನಿಗೆ ಮಹಾಕಥೆಯೂ ಬೇಡ. ಕೂದಲಿನ ಬಣ್ಣ, ಬೆಕ್ಕಿನ ಕಿವಿ, ಕೆಲಸದಾಳಿನ ಉಡುಪು ಮುಂತಾದ ಅಂಶಗಳ ಭಂಡಾರದಿಂದ ಹೆಕ್ಕಿ ಜೋಡಿಸಿದ ಪಾತ್ರವೇ ಸಾಕು ಎಂದರು. ಅಭಿಮಾನಿಗಳನ್ನು ಅವರು ಪ್ರಾಣಿಗಳಿಗೆ ಹೋಲಿಸಿದ್ದು ಹಲವರಿಗೆ ರುಚಿಸಲಿಲ್ಲ. ಅದಕ್ಕೂ ಒಂದು ವರ್ಷ ಮುಂಚೆ ಮನೋವೈದ್ಯ ತಮಾಕಿ ಸೈತೊ, ಫ್ರೆಂಚ್ ಮನೋವಿಶ್ಲೇಷಕ ಲಕಾನ್‌ನ ಚಿಂತನೆಯನ್ನು ಆಧರಿಸಿ, ಆಯುಧ ಹಿಡಿದ ಹುಡುಗಿಯರ ಚಿತ್ರಗಳ ಮೋಹವನ್ನು ವಿಶ್ಲೇಷಿಸಿದ್ದರು.

ಪಶ್ಚಿಮದಲ್ಲಿ ದಾರಿ ತೆರೆದದ್ದು ‘ಅಕಿರಾ’ (1988) ಮತ್ತು ‘ಘೋಸ್ಟ್ ಇನ್ ದಿ ಶೆಲ್’ (1995). ಮನುಷ್ಯ-ಯಂತ್ರಗಳ ಬೆಸುಗೆಯಾದ ಸೈಬಾರ್ಗ್ ಕುರಿತು ಸ್ತ್ರೀವಾದಿ ಚಿಂತಕಿ ಡಾನಾ ಹ್ಯಾರವೇ ಬರೆದ ಪ್ರಬಂಧ ಓದಿದವರಿಗೆ ಎರಡನೆಯದು ಹೇಳಿ ಮಾಡಿಸಿದಂತಿತ್ತು. ನಿರ್ದೇಶಕ ಮಾಮೊರು ಓಷಿ ಆ ಕೊಂಡಿಯನ್ನು ಗುಟ್ಟಾಗಿಟ್ಟವರೇನಲ್ಲ. ಅದರ ಮುಂದುವರಿಕೆಯಾಗಿ 2004ರಲ್ಲಿ ಬಂದ ಚಿತ್ರದಲ್ಲಿ ಒಂದು ಪಾತ್ರಕ್ಕೆ ಹ್ಯಾರವೇ ಎಂದೇ ಹೆಸರಿಟ್ಟರು. ಜಪಾನಿ ಸಾಹಿತ್ಯದ ವಿದ್ವಾಂಸೆ ಸೂಸನ್ ನೇಪಿಯರ್ ಅವರ 2001ರ ಪುಸ್ತಕ ಅನಿಮೆಯನ್ನು ಪ್ರಳಯ, ಉತ್ಸವ, ವಿಷಾದ ಎಂಬ ಮೂರು ಧಾಟಿಗಳಲ್ಲಿ ಓದಿತು. ಕಾಲೇಜು ತರಗತಿಗಳಿಗೆ ಅದು ಒದಗಿಬಂತು. ಆದರೆ ಅಲ್ಲಿ ಚಿತ್ರ ಬಹುಮಟ್ಟಿಗೆ ಕಾದಂಬರಿಯಂತೆ ಕಾಣುತ್ತದೆ, ಚಲಿಸುವುದೇ ಇಲ್ಲ. 2006ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ‘ಮೆಕಾಡೆಮಿಯಾ’ ಎಂಬ ಮೀಸಲು ಪತ್ರಿಕೆ ಹೊರಟಿತು.

ಚಲನೆಯ ಪ್ರಶ್ನೆಯನ್ನು ಮತ್ತೆ ಎತ್ತಿದವರು ಥಾಮಸ್ ಲಮಾರ್, 2009ರಲ್ಲಿ. ಪಾರದರ್ಶಕ ಸೆಲ್ ಹಾಳೆಗಳನ್ನು ಪದರ ಪದರವಾಗಿ ಜೋಡಿಸಿ ಮೇಲಿನಿಂದ ಕ್ಯಾಮೆರಾ ಹಿಡಿಯುವ ಮೇಜಿನಿಂದಲೇ ಅವರ ವಾದ ಹುಟ್ಟುತ್ತದೆ. ಕ್ಷಿಪಣಿಯ ಕಣ್ಣಿನಂತೆ ದೃಶ್ಯದ ಒಳಕ್ಕೆ ನುಗ್ಗುವುದು ಒಂದು ಬಗೆ. ಪದರಗಳು ಬೇರೆ ಬೇರೆ ವೇಗದಲ್ಲಿ ಪಕ್ಕಕ್ಕೆ ಸರಿದು, ನಡುವೆ ಸಂದು ತೆರೆಯುವುದು ಇನ್ನೊಂದು. ಹಯಾವೊ ಮಿಯಾಝಾಕಿಯವರ ‘ಕ್ಯಾಸಲ್ ಇನ್ ದಿ ಸ್ಕೈ’ (1986) ಚಿತ್ರದಲ್ಲಿ ಮೋಡ ಒಂದು ಪದರ, ಗಾಳಿಗೆ ತೇಲುವ ಯಂತ್ರ ಇನ್ನೊಂದು. ತಂತ್ರಜ್ಞಾನದ ಬಗೆಗಿನ ಆ ಚಿತ್ರದ ನಿಲುವು ಸಂಭಾಷಣೆಗಿಂತ ಹೆಚ್ಚಾಗಿ ಈ ಸರಿದಾಟದಲ್ಲೇ ಇದೆ ಎಂಬುದು ಲಮಾರ್ ವಾದ. ಪುಸ್ತಕ ಸುಲಭದ ಓದಲ್ಲ. ಹೈಡೆಗರ್, ದೆಲೂಝ್‌ರಂಥ ತತ್ವಜ್ಞಾನಿಗಳೆಲ್ಲ ಸಾಲಾಗಿ ಬರುತ್ತಾರೆ.

ಅನಿಮೆ ಎಷ್ಟರಮಟ್ಟಿಗೆ ಜಪಾನಿನದು ಎಂಬ ತಕರಾರು ಇನ್ನೂ ಮುಗಿದಿಲ್ಲ. ಜಗತ್ತಿನಲ್ಲಿ ಚಲಾವಣೆಯಾಗುವ ಜಪಾನಿ ಸರಕುಗಳಿಗೆ ದೇಶದ ವಾಸನೆ ಇರುವುದಿಲ್ಲ ಎಂದು ಕೊಯಿಚಿ ಇವಾಬುಚಿ 2002ರಲ್ಲಿ ಹೇಳಿದ್ದರು. ಕೊರಿಯಾ, ಫಿಲಿಪ್ಪೀನ್ಸ್‌ಗಳಲ್ಲಿ ಕೂತು ಚಿತ್ರ ಬಿಡಿಸುವ ಉಪಗುತ್ತಿಗೆ ಕಲಾವಿದರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಪ್ರಶ್ನೆ ಇನ್ನೂ ಜಟಿಲವಾಗುತ್ತದೆ. ಸ್ಟೀವಿ ಸುವಾನ್ 2021ರ ತಮ್ಮ ಪುಸ್ತಕದಲ್ಲಿ ಈ ಜಾಡನ್ನೇ ಹಿಡಿದಿದ್ದಾರೆ. ಜಪಾನಿನ ಯುಗೊ ಸಾಕೊ ಮತ್ತು ಭಾರತದ ರಾಮ್ ಮೋಹನ್ ಸೇರಿ ನಿರ್ದೇಶಿಸಿದ, 2025ರಲ್ಲಿ ಭಾರತದ ಚಿತ್ರಮಂದಿರಗಳಿಗೆ ಮತ್ತೆ ಬಂದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ (1993) ಈ ಚರ್ಚೆಯಲ್ಲಿ ಈಗ ಸಿಗುತ್ತಿರುವುದಕ್ಕಿಂತ ಹೆಚ್ಚಿನ ಗಮನಕ್ಕೆ ಯೋಗ್ಯವಾದ ಚಿತ್ರ.