ಫಿರಂಗಿ ಕೊರೆದಾಗ ಕುದಿದ ನೀರು

ಶಕ್ತಿಯ ರೂಪಾಂತರ ಎಂದೊಡನೆ ಏಳನೆಯ ತರಗತಿಯ ಮಕ್ಕಳು ಪಟ್ಟಿ ಒಪ್ಪಿಸುತ್ತಾರೆ: ಬಲ್ಬಿನಲ್ಲಿ ವಿದ್ಯುತ್ತು ಬೆಳಕಾಗುತ್ತದೆ, ಇಸ್ತ್ರಿಪೆಟ್ಟಿಗೆಯಲ್ಲಿ ಶಾಖವಾಗುತ್ತದೆ. ಅಂಗೈ ಉಜ್ಜಿದಾಗ ಬಿಸಿ ಎಲ್ಲಿಂದ ಬಂತು ಎಂದರೆ ಮಾತ್ರ ತಡವರಿಸುತ್ತಾರೆ. ಅಚ್ಚರಿಯಿಲ್ಲ, 18ನೆಯ ಶತಮಾನದ ವಿದ್ವಾಂಸರೂ ತಡವರಿಸಿದ್ದರು. ಶಾಖವು 'ಕ್ಯಾಲೊರಿಕ್' ಎಂಬ ಕಾಣದ ದ್ರವ, ಉಜ್ಜಿದಾಗ ಅದು ವಸ್ತುವಿನಿಂದ ಹೊರಬೀಳುತ್ತದೆ ಎಂಬುದು ಅಂದಿನ ಹಲವರ ನಂಬಿಕೆ.

ಮ್ಯೂನಿಕ್ ನಗರದ ಶಸ್ತ್ರಾಗಾರದಲ್ಲಿ ಫಿರಂಗಿ ಕೊರೆಯುವುದರ ಮೇಲ್ವಿಚಾರಣೆ ನೋಡುತ್ತಿದ್ದ ಕೌಂಟ್ ರಂಫರ್ಡ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಆತ ಬೇಕೆಂದೇ ಮೊಂಡು ಬೈರಿಗೆ ಬಳಸಿ, ಲೋಹವನ್ನು ನೀರಿನ ಪೆಟ್ಟಿಗೆಯೊಳಗಿಟ್ಟು, ಕುದುರೆಗಳಿಂದ ಯಂತ್ರ ತಿರುಗಿಸಿದ. ಬೆಂಕಿಯೇ ಇಲ್ಲದೆ ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು! ಉಜ್ಜುವಷ್ಟು ಹೊತ್ತೂ ಶಾಖ ಬರುತ್ತಲೇ ಇತ್ತು. ಹೀಗೆ ಬತ್ತದೆ ಬರುವಂಥದ್ದು ವಸ್ತುವಾಗಿರಲಾರದು, ಚಲನೆಯೇ ಇರಬೇಕು ಎಂದು ಆತ 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ.

ಆದರೂ ದ್ರವವಾದ ಅಳಿಯಲಿಲ್ಲ. ಎಷ್ಟು ಕೆಲಸಕ್ಕೆ ಎಷ್ಟು ಶಾಖ ಎಂಬ ಖಚಿತ ಲೆಕ್ಕ ಬೇಕಿತ್ತು. ಅದನ್ನು ಕೊಟ್ಟವನು ಇಂಗ್ಲೆಂಡಿನ ಬಿಯರ್ ತಯಾರಕನ ಮಗ ಜೇಮ್ಸ್ ಜೂಲ್. ತೂಕಗಳನ್ನು ಇಳಿಬಿಟ್ಟು, ನೀರಿನೊಳಗೆ ರೆಕ್ಕೆಚಕ್ರ ತಿರುಗಿಸಿ, ತಾಪದ ಅತ್ಯಲ್ಪ ಏರಿಕೆಯನ್ನು ವರ್ಷಗಟ್ಟಲೆ ಅಳೆದ. 1850ರಲ್ಲಿ ಅವನು ಪ್ರಕಟಿಸಿದ ಮೌಲ್ಯವನ್ನು ಇಂದಿನ ಮಾನಗಳಲ್ಲಿ ಹೇಳುವುದಾದರೆ, 1 ಕಿಲೋಗ್ರಾಂ ನೀರಿನ ತಾಪ 1 ಡಿಗ್ರಿ ಸೆಲ್ಸಿಯಸ್ ಏರಲು ಅಷ್ಟೇ ತೂಕ ಸುಮಾರು 424 ಮೀಟರ್ ಇಳಿಯಬೇಕು.

ತರಗತಿಯಲ್ಲಿ ಇದನ್ನೇ ಚಿಕ್ಕದಾಗಿ ಮಾಡಬಹುದು. ಒಂದು ಮೀಟರ್ ಉದ್ದದ ರಟ್ಟಿನ ಕೊಳವೆಗೆ ಒಂದು ಹಿಡಿ ಸೈಕಲ್ ಬಾಲ್ಸು ಹಾಕಿ, ಎರಡೂ ಬಾಯಿ ಮುಚ್ಚಿ, ನೂರು ಬಾರಿ ಬುಡಮೇಲು ಮಾಡಿಸಿ. ಮೊದಲೂ ಕೊನೆಗೂ ಗುಂಡುಗಳ ತಾಪ ಅಳೆಯಿರಿ. ಲೆಕ್ಕದ ಪ್ರಕಾರ ಸುಮಾರು 2 ಡಿಗ್ರಿ ಏರಬೇಕು, ಅಷ್ಟು ಏರದು. ಉಳಿದದ್ದು ಎಲ್ಲಿ ಹೋಯಿತೆಂದು ಮಕ್ಕಳೇ ಹುಡುಕಲಿ.