ಎದೆಯ ರೋಮ ನಿವಾರಣೆ: ಪುರುಷರಿಗೆ ಯಾವ ವಿಧಾನ ಹಿತ?

ಎದೆಯ ಮೇಲಿನ ದಟ್ಟ ರೋಮವನ್ನು ಪೌರುಷದ ಲಕ್ಷಣವೆಂದು ಹೆಮ್ಮೆಯಿಂದ ಕಂಡ ಕಾಲವೊಂದಿತ್ತು. ಇಂದು ಅದೇ ರೋಮ ಹಲವರಿಗೆ ಮುಜುಗರದ ಸಂಗತಿಯಾಗಿದೆ. ಈಜುಕೊಳಕ್ಕೆ ಇಳಿಯುವವರು, ದೇಹದಾರ್ಢ್ಯ ಸ್ಪರ್ಧೆಯ ವೇದಿಕೆ ಏರುವವರು, ಕರಾವಳಿಯ ಬೆವರಿಗೆ ಬೇಸತ್ತವರು, ಪಂಚೆ-ಶಲ್ಯದಲ್ಲಿ ಹಸೆಮಣೆಯ ಮೇಲೆ ಕೂರಬೇಕಾದ ಮದುಮಗ, ಹೀಗೆ ಇದನ್ನು ನಿವಾರಿಸಿಕೊಳ್ಳಲು ಬಯಸುವವರ ಕಾರಣಗಳು ಬೇರೆ ಬೇರೆ. ಆದರೆ ಈ ವಿಷಯವನ್ನು ಬಾಯಿಬಿಟ್ಟು ಕೇಳಲು ಸಂಕೋಚಪಡುವವರೇ ಹೆಚ್ಚು. ಹಾಗಾಗಿ ಕೈಗೆ ಸಿಕ್ಕಿದ ಕ್ರೀಮು ಬಳಿದುಕೊಂಡೋ, ರಿಯಾಯಿತಿಯ ಜಾಹೀರಾತನ್ನು ನಂಬಿ ಲೇಸರ್ ಮಾಡಿಸಿಕೊಂಡೋ ತೊಂದರೆಗೆ ಸಿಲುಕುವವರೂ ಇದ್ದಾರೆ. ಲಭ್ಯವಿರುವ ವಿಧಾನಗಳಾವುವು, ಯಾವುದು ಯಾರಿಗೆ ಹೊಂದುತ್ತದೆ, ಎಲ್ಲಿ ಎಚ್ಚರ ಬೇಕು ಎಂಬುದರ ವಿವರ ಇಲ್ಲಿದೆ.

ರೋಮದ ಸ್ವಭಾವ

ಹುಡುಗರ ಎದೆಯ ಮೇಲೆ ಮೊದಲಿಗೆ ಇರುವುದು ಕಣ್ಣಿಗೆ ಕಾಣದಷ್ಟು ನವಿರಾದ ಎಳೆಗೂದಲು. ಹರೆಯದಲ್ಲಿ ಆಂಡ್ರೋಜನ್ ಹಾರ್ಮೋನುಗಳ ಪ್ರಭಾವದಿಂದ ಇದು ಕಪ್ಪಾದ ಒರಟು ರೋಮವಾಗಿ ಮಾರ್ಪಡುತ್ತದೆ. ಈ ಬದಲಾವಣೆ ಹದಿಹರೆಯದಲ್ಲೇ ಮುಗಿಯುವುದಿಲ್ಲ. ಇಪ್ಪತ್ತರ ಹರೆಯದಲ್ಲಿ, ಕೆಲವರಲ್ಲಿ ಅದರ ನಂತರವೂ ಹೊಸ ರೋಮ ಮೂಡುತ್ತಲೇ ಇರುತ್ತದೆ. ಯಾರಿಗೆ ಎಷ್ಟು ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ವಂಶವಾಹಿ. ರೋಮ ಹೆಚ್ಚಿದ್ದರೆ ಪೌರುಷ ಹೆಚ್ಚು, ಕಡಿಮೆಯಿದ್ದರೆ ಕೊರತೆ ಎಂಬ ನಂಬಿಕೆಗೆ ಆಧಾರವಿಲ್ಲ.

ಪ್ರತಿಯೊಂದು ರೋಮಕೂಪವೂ ಬೆಳವಣಿಗೆ, ಪರಿವರ್ತನೆ ಮತ್ತು ವಿಶ್ರಾಂತಿ ಎಂಬ ಮೂರು ಹಂತಗಳಲ್ಲಿ ಸುತ್ತುತ್ತದೆ. ಒಂದೇ ಸಮಯದಲ್ಲಿ ಎಲ್ಲ ರೋಮಗಳೂ ಒಂದೇ ಹಂತದಲ್ಲಿರುವುದಿಲ್ಲ. ಯಾವ ವಿಧಾನವೂ ಒಂದೇ ಬಾರಿಗೆ ಶಾಶ್ವತ ಫಲ ನೀಡದಿರುವುದಕ್ಕೆ ಇದೇ ಮುಖ್ಯ ಕಾರಣ.

ಬೋಳಿಸಿದರೆ ರೋಮ ಇನ್ನಷ್ಟು ದಪ್ಪವಾಗಿ ಬೆಳೆಯುತ್ತದೆಯೇ? ಇಲ್ಲ. ಅಮೆರಿಕದ ವಿಜ್ಞಾನಿ ಮಿಲ್‌ಡ್ರೆಡ್ ಟ್ರಾಟರ್ 1928ರಲ್ಲೇ ಇದನ್ನು ಪರೀಕ್ಷಿಸಿ, ಕ್ಷೌರಕ್ಕೂ ರೋಮದ ದಪ್ಪಕ್ಕೂ ಸಂಬಂಧವಿಲ್ಲವೆಂದು ತೋರಿಸಿದರು. ಸಹಜವಾಗಿ ಬೆಳೆದ ರೋಮದ ತುದಿ ಚೂಪಾಗಿರುತ್ತದೆ, ಬ್ಲೇಡು ತಾಗಿದ ರೋಮದ ತುದಿ ಮೊಂಡಾಗಿರುತ್ತದೆ. ಕೈಗೆ ಒರಟಾಗಿ ತಾಗುವುದು ಈ ಮೊಂಡು ತುದಿಯೇ ಹೊರತು ಹೊಸ ದಪ್ಪವಲ್ಲ.

ಹಳೆಯ ವಿದ್ಯೆ

ರೋಮ ನಿವಾರಣೆ ಪಾಶ್ಚಾತ್ಯರಿಂದ ಬಂದ ಹೊಸ ಗೀಳು ಎಂದು ಭಾವಿಸಬೇಕಾಗಿಲ್ಲ. ಗಾಯಗಳ ಚಿಕಿತ್ಸೆಗೆ ಸುಶ್ರುತ ಸಂಹಿತೆ ಹೇಳುವ ಅರವತ್ತು ಉಪಕ್ರಮಗಳಲ್ಲಿ ಲೋಮಾಪಹರಣವೂ ಒಂದು. ರೋಮದಿಂದ ಕೂಡಿದ ಗಾಯ ಸರಿಯಾಗಿ ಮಾಯದಿದ್ದರೆ ಕ್ಷೌರದ ಕತ್ತಿ, ಕತ್ತರಿ, ಚಿಮಟಗಳಿಂದ ರೋಮ ತೆಗೆಯಬೇಕೆಂದು ಅಲ್ಲಿ ಹೇಳಿದೆ. ಶಂಖದ ಪುಡಿ ಮತ್ತು ಹರಿತಾಳ ಸೇರಿಸಿದ ಲೇಪವನ್ನೂ ಹೆಸರಿಸಿದೆ. ಹರಿತಾಳವು ಆರ್ಸೆನಿಕ್‌ನ ಸಂಯುಕ್ತ. ಹಳೆಯ ಗ್ರಂಥದಲ್ಲಿದೆ ಎಂಬ ಕಾರಣಕ್ಕೆ ಇದನ್ನು ಮನೆಯಲ್ಲಿ ಪ್ರಯೋಗಿಸುವುದು ಅಪಾಯಕಾರಿ.

ಕತ್ತರಿಸುವುದು: ಎಲ್ಲಕ್ಕಿಂತ ಸುರಕ್ಷಿತ

ಬಹಳಷ್ಟು ಪುರುಷರಿಗೆ ನಿಜವಾಗಿ ಬೇಕಿರುವುದು ಬೋಳು ಎದೆಯಲ್ಲ, ಅಂಗಿಯ ಕೊರಳಿನಿಂದ ಹೊರಗೆ ಇಣುಕದಷ್ಟು ಅಚ್ಚುಕಟ್ಟು. ಅಂಥವರಿಗೆ ಟ್ರಿಮ್ಮರ್ ಸಾಕು. ಮೂರರಿಂದ ಆರು ಮಿಲಿಮೀಟರ್ ಗಾರ್ಡ್ ಹಾಕಿಕೊಂಡು, ಒಣ ಮೈಯಲ್ಲಿ, ಚರ್ಮವನ್ನು ಒಂದು ಕೈಯಿಂದ ಹಿಗ್ಗಿಸಿ ಹಿಡಿದು ಕತ್ತರಿಸಿದರೆ ಹತ್ತು ನಿಮಿಷದ ಕೆಲಸ. ನೋವಿಲ್ಲ, ಚರ್ಮದೊಳಗೆ ಮುದುರಿ ಬೆಳೆಯುವ ರೋಮದ ಕಾಟವೂ ವಿರಳ. ಎರಡು ಮೂರು ವಾರಕ್ಕೊಮ್ಮೆ ಮತ್ತೆ ಮಾಡಬೇಕಾಗುತ್ತದೆ ಎಂಬುದೊಂದೇ ಕುಂದು. ಗಡ್ಡಕ್ಕೆ ಬಳಸುವ ಟ್ರಿಮ್ಮರನ್ನೇ ಬಳಸುವುದಾದರೆ ಅದರ ತಲೆಯನ್ನು ಪ್ರತಿ ಬಾರಿ ಶುಚಿಗೊಳಿಸಬೇಕು.

ಕ್ಷೌರ: ಅಗ್ಗ, ಆದರೆ ಅಲ್ಪಾಯುಷಿ

ರೇಜರಿನಿಂದ ತೆಗೆದ ರೋಮ ಒಂದರಿಂದ ಮೂರು ದಿನಗಳಲ್ಲಿ ಮತ್ತೆ ಚುಚ್ಚತೊಡಗುತ್ತದೆ. ಮೊದಲು ಟ್ರಿಮ್ಮರಿನಿಂದ ಗಿಡ್ಡವಾಗಿಸಿ, ಬಿಸಿನೀರಿನ ಸ್ನಾನ ಮಾಡಿ, ಜೆಲ್ ಅಥವಾ ನೊರೆ ಹಚ್ಚಿ, ಹೊಸ ಬ್ಲೇಡಿನಿಂದ ರೋಮ ಬೆಳೆದ ದಿಕ್ಕಿನಲ್ಲೇ ಬೋಳಿಸಬೇಕು. ಎದೆಯಲ್ಲಿ ರೋಮ ಒಂದೇ ದಿಕ್ಕಿಗೆ ಹರಿಯುವುದಿಲ್ಲ, ಸುಳಿಯಂತೆ ತಿರುಗುತ್ತದೆ. ಮೊಲೆತೊಟ್ಟಿನ ಸುತ್ತ ಬ್ಲೇಡು ಓಡಿಸದೆ ಕತ್ತರಿಯಿಂದ ಸವರುವುದೇ ಲೇಸು.

ರೇಜರನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬಾರದು. ಕಣ್ಣಿಗೆ ಕಾಣದ ಗೀರುಗಳ ಮೂಲಕ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ವೈರಾಣುಗಳು ಹರಡಬಲ್ಲವು. ಹಾಸ್ಟೆಲು, ಜಿಮ್‌ಗಳಲ್ಲಿ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕೊರಳ ಸರ, ಜನಿವಾರ, ಲಿಂಗದ ಕರಡಿಗೆ ಉಜ್ಜುವ ಜಾಗದಲ್ಲಿ ಬೋಳಿಸಿದ ಮೊದಲ ದಿನ ಉರಿ ಹೆಚ್ಚಿರಬಹುದು. ಸಡಿಲವಾದ ಹತ್ತಿಯ ಬನಿಯನ್ ಮತ್ತು ಸುಗಂಧವಿಲ್ಲದ ತೇವಕಾರಕ ಮುಲಾಮಿನಿಂದ ಇದು ಶಮನವಾಗುತ್ತದೆ.

ರೋಮನಾಶಕ ಕ್ರೀಮು

ಈ ಕ್ರೀಮುಗಳಲ್ಲಿ ಸಾಮಾನ್ಯವಾಗಿ ಇರುವುದು ಥಯೋಗ್ಲೈಕೋಲೇಟ್ ಎಂಬ ಕ್ಷಾರೀಯ ರಾಸಾಯನಿಕ. ಇದು ರೋಮದ ಕೆರಾಟಿನ್‌ನಲ್ಲಿರುವ ಗಂಧಕದ ಬಂಧಗಳನ್ನು ಮುರಿದು ಅದನ್ನು ಮೆತ್ತಗಾಗಿಸುತ್ತದೆ. ನೋವಿಲ್ಲದಿರುವುದು, ರೋಮ ಚರ್ಮದ ಮಟ್ಟದಲ್ಲೇ ಕರಗುವುದರಿಂದ ಕ್ಷೌರಕ್ಕಿಂತ ತುಸು ಹೆಚ್ಚು ದಿನ ನುಣುಪಾಗಿರುವುದು ಇದರ ಗುಣ. ಆದರೆ ಚರ್ಮದ ಹೊರಪದರವೂ ಕೆರಾಟಿನ್‌ನಿಂದಲೇ ಆದದ್ದು. ಹೆಚ್ಚು ಹೊತ್ತು ಬಿಟ್ಟರೆ ಕ್ರೀಮು ರೋಮದೊಂದಿಗೆ ಚರ್ಮವನ್ನೂ ಸುಡುತ್ತದೆ.

ಎದೆಯ ರೋಮ ದಪ್ಪವೆಂದು ಡಬ್ಬಿಯ ಮೇಲೆ ಬರೆದ ಅವಧಿಯನ್ನು ಮೀರುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು. ಹಿಂದಿನ ದಿನವೇ ಬೊಟ್ಟಿನಷ್ಟು ಜಾಗಕ್ಕೆ ಹಚ್ಚಿ ಪರೀಕ್ಷಿಸಬೇಕು. ಗಾಯ, ಮೊಡವೆ, ಮೊಲೆತೊಟ್ಟುಗಳಿಗೆ ತಾಗಿಸಬಾರದು. ಕ್ಷೌರ ಮಾಡಿದ ದಿನವೇ ಕ್ರೀಮು ಹಚ್ಚಬಾರದು.

ವ್ಯಾಕ್ಸಿಂಗ್

ರೋಮವನ್ನು ಬೇರುಸಹಿತ ಕೀಳುವ ಈ ವಿಧಾನದಿಂದ ಮೂರು ನಾಲ್ಕು ವಾರ ನೆಮ್ಮದಿ. ರೋಮ ಸುಮಾರು ಆರು ಮಿಲಿಮೀಟರ್ ಉದ್ದವಿದ್ದರೆ ಮೇಣ ಹಿಡಿಯುತ್ತದೆ. ಅದಕ್ಕಿಂತ ಬಹಳ ಉದ್ದವಿದ್ದರೆ ನೋವು ಹೆಚ್ಚು, ಆದ್ದರಿಂದ ಮೊದಲೇ ಕತ್ತರಿಸಿಕೊಳ್ಳಬೇಕು. ದಟ್ಟ ರೋಮವಿರುವ ಪುರುಷರಿಗೆ ಮೊದಲ ಬಾರಿಯ ನೋವು ಸಣ್ಣದಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಸಕ್ಕರೆ, ನಿಂಬೆರಸ, ನೀರಿನ ಪಾಕದಿಂದ ಮಾಡುವ ಷುಗರಿಂಗ್ ಕೂಡ ಇದೇ ತತ್ತ್ವದ್ದು.

ಕಿತ್ತ ರೋಮಕೂಪಗಳಲ್ಲಿ ಒಂದೆರಡು ದಿನ ಕೆಂಪು ಗುಳ್ಳೆಗಳು ಏಳುವುದು ಸಹಜ. ಮದುವೆಯ ಮುನ್ನಾದಿನ ಮೊದಲ ಬಾರಿಗೆ ವ್ಯಾಕ್ಸಿಂಗ್ ಮಾಡಿಸಿಕೊಂಡು, ಮರುದಿನ ಆ ಮೈಗೆ ಎಣ್ಣೆ ಅರಿಶಿನ ಹಚ್ಚಿಸಿಕೊಂಡರೆ ಉರಿ ತಪ್ಪಿದ್ದಲ್ಲ. ಒಂದೆರಡು ತಿಂಗಳು ಮೊದಲೇ ಒಮ್ಮೆ ಮಾಡಿಸಿ ಚರ್ಮದ ಪ್ರತಿಕ್ರಿಯೆ ನೋಡಿಕೊಂಡು, ಸಮಾರಂಭಕ್ಕೆ ನಾಲ್ಕೈದು ದಿನ ಮುಂಚೆ ಮತ್ತೊಮ್ಮೆ ಮಾಡಿಸುವುದು ಜಾಣತನ. ಬಳಸಿದ ಪಟ್ಟಿಯನ್ನು ಮತ್ತೆ ಮೇಣದ ಪಾತ್ರೆಗೆ ಅದ್ದುವ ಅಂಗಡಿಗೆ ಹೋಗದಿರಿ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ಸೇವಿಸುತ್ತಿರುವವರು ವ್ಯಾಕ್ಸಿಂಗ್ ಮಾಡಿಸಲೇಬಾರದು, ಚರ್ಮವೇ ಕಿತ್ತು ಬರಬಹುದು. ಮಧುಮೇಹಿಗಳು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ವೈದ್ಯರನ್ನು ಕೇಳಿ ಮುಂದುವರಿಯಬೇಕು.

ಲೇಸರ್: ಭರವಸೆ ಮತ್ತು ವಾಸ್ತವ

ಲೇಸರ್ ಚಿಕಿತ್ಸೆಯ ಹಿಂದಿನ ತತ್ತ್ವವನ್ನು ಆರ್. ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ 1983ರಲ್ಲಿ ನಿರೂಪಿಸಿದರು. ರೋಮದ ಕಪ್ಪು ವರ್ಣದ್ರವ್ಯವಾದ ಮೆಲನಿನ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿ ರೋಮಕೂಪವನ್ನು ಹಾಳುಗೆಡವುತ್ತದೆ. ಬಿಳಿ ಚರ್ಮದ ಮೇಲೆ ಕಪ್ಪು ರೋಮವಿದ್ದರೆ ಕೆಲಸ ಸುಲಭ. ನಮ್ಮವರ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಮೆಲನಿನ್ ಹೇರಳವಾಗಿರುವುದರಿಂದ ಚರ್ಮವೂ ಬೆಳಕನ್ನು ಹೀರಿ ಸುಟ್ಟುಹೋಗುವ, ಕಪ್ಪು ಅಥವಾ ಬಿಳಿ ಕಲೆ ಉಳಿಯುವ ಅಪಾಯವಿದೆ. ಇದರಿಂದಲೇ ಯಂತ್ರದ ಆಯ್ಕೆ ಮುಖ್ಯವಾಗುತ್ತದೆ. 1064 ನ್ಯಾನೋಮೀಟರ್ ತರಂಗದ ಎನ್‌ಡಿ ಯಾಗ್ ಲೇಸರ್ ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತ. ಚರ್ಮವನ್ನು ತಣ್ಣಗಿಡುವ ವ್ಯವಸ್ಥೆಯಿರುವ, ಸುಮಾರು 810 ನ್ಯಾನೋಮೀಟರಿನ ಡಯೋಡ್ ಲೇಸರನ್ನೂ ಅನುಭವಿಗಳು ಬಳಸುತ್ತಾರೆ. ಮನೆಯಲ್ಲೇ ಬಳಸುವ ಐಪಿಎಲ್ ಉಪಕರಣಗಳು ತೀರ ಕಪ್ಪು ಚರ್ಮಕ್ಕೆ ಹೊಂದುವುದಿಲ್ಲ.

ನಾಲ್ಕರಿಂದ ಎಂಟು ವಾರಗಳ ಅಂತರದಲ್ಲಿ ಆರೆಂಟು ಬಾರಿ ಚಿಕಿತ್ಸೆ ಬೇಕಾಗುವುದು ಸಾಮಾನ್ಯ. ಪುರುಷರ ಎದೆ ಹಾರ್ಮೋನಿನ ಹಿಡಿತದಲ್ಲಿರುವ ಜಾಗವಾದ್ದರಿಂದ ಆ ಮೇಲೂ ಆಗಾಗ ನಿರ್ವಹಣಾ ಚಿಕಿತ್ಸೆ ಬೇಕಾಗಬಹುದು. 'ಒಮ್ಮೆ ಮಾಡಿಸಿ, ಜೀವನಪೂರ್ತಿ ಮರೆತುಬಿಡಿ' ಎನ್ನುವ ಜಾಹೀರಾತನ್ನು ನಂಬಬೇಡಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕೂಡ ಲೇಸರಿಗೆ 'ಶಾಶ್ವತ ಇಳಿಕೆ' ಎನ್ನಲು ಅವಕಾಶ ನೀಡಿದೆಯೇ ಹೊರತು 'ಶಾಶ್ವತ ನಿರ್ಮೂಲನೆ' ಎನ್ನಲು ಅಲ್ಲ. ನರೆತ ರೋಮದ ಮೇಲೆ ಲೇಸರ್ ಕೆಲಸ ಮಾಡುವುದಿಲ್ಲ. ಕೆಲವರಲ್ಲಿ ಚಿಕಿತ್ಸೆ ಪಡೆದ ಜಾಗದ ಅಂಚಿನಲ್ಲಿ ರೋಮ ಹೆಚ್ಚುವ ವಿಚಿತ್ರ ಪರಿಣಾಮವೂ ಕಂಡುಬಂದಿದೆ.

ಚಿಕಿತ್ಸೆಗೆ ಮುನ್ನ ನಾಲ್ಕಾರು ವಾರ ವ್ಯಾಕ್ಸಿಂಗ್ ಮಾಡಿಸಬಾರದು. ರೋಮದ ಬೇರೇ ಇಲ್ಲದಿದ್ದರೆ ಬೆಳಕಿಗೆ ಗುರಿಯೇ ಇರುವುದಿಲ್ಲ. ಕ್ಷೌರ ಮಾಡಬಹುದು. ಮಚ್ಚೆ ಮತ್ತು ಹಚ್ಚೆಗಳ ಮೇಲೆ ಲೇಸರ್ ಹಾಯಿಸಬಾರದು.

ಮರಗಟ್ಟಿಸುವ ಮುಲಾಮು: ಪ್ರಾಣಕ್ಕೇ ಸಂಚಕಾರ

ನೋವು ತಿಳಿಯದಿರಲೆಂದು ಲೇಸರಿಗೆ ಮುನ್ನ ಲಿಡೋಕೇನ್ ಮುಲಾಮು ಹಚ್ಚುವ ರೂಢಿಯಿದೆ. ಅಮೆರಿಕದಲ್ಲಿ ಇಬ್ಬರು ಯುವತಿಯರು ಲೇಸರ್ ಚಿಕಿತ್ಸೆಗೆಂದು ಇಂತಹ ಮುಲಾಮನ್ನು ಕಾಲುಗಳಿಗೆ ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಪ್ರಾಣ ಕಳೆದುಕೊಂಡ ಬಳಿಕ ಅಲ್ಲಿನ ಆಡಳಿತ 2007ರಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಿತು. ಔಷಧ ಚರ್ಮದ ಮೂಲಕ ರಕ್ತಕ್ಕೆ ಸೇರಿ ಹೃದಯ, ಮೆದುಳುಗಳನ್ನು ಬಾಧಿಸುತ್ತದೆ. ಪುರುಷನ ಎದೆ ಮತ್ತು ಹೊಟ್ಟೆಯೂ ವಿಶಾಲವಾದ ಜಾಗವೇ. ಎಷ್ಟು ಪ್ರಮಾಣ, ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅಂಗಡಿಯಿಂದ ಟ್ಯೂಬು ತಂದು ತಾವೇ ಬಳಿದುಕೊಳ್ಳುವುದು ಸಲ್ಲ.

ಎಲೆಕ್ಟ್ರಾಲಿಸಿಸ್

ಸೇಂಟ್ ಲೂಯಿಯ ನೇತ್ರವೈದ್ಯ ಚಾರ್ಲ್ಸ್ ಮಿಶೆಲ್ ಒಳಮುಖವಾಗಿ ಬೆಳೆದ ರೆಪ್ಪೆಗೂದಲನ್ನು ತೆಗೆಯುವ ಈ ವಿಧಾನವನ್ನು 1875ರಲ್ಲಿ ಪ್ರಕಟಿಸಿದರು. ರೋಮಕೂಪದೊಳಗೆ ತೆಳು ಸೂಜಿ ಇಳಿಸಿ ವಿದ್ಯುತ್ ಹಾಯಿಸಿ ಬೇರನ್ನು ನಾಶಪಡಿಸುವುದು ಇದರ ಕ್ರಮ. ಬಣ್ಣದ ಭೇದವಿಲ್ಲದೆ ನರೆತ ರೋಮಕ್ಕೂ ಫಲಿಸುತ್ತದೆ. ಆದರೆ ಒಂದೊಂದೇ ರೋಮವನ್ನು ಹಿಡಿಯಬೇಕಾದ್ದರಿಂದ ಇಡೀ ಎದೆಗೆ ತಿಂಗಳುಗಟ್ಟಲೆ ಸಮಯ ಬೇಕು. ಲೇಸರಿನ ನಂತರ ಉಳಿದ ಅಲ್ಪಸ್ವಲ್ಪಕ್ಕೆ ಇದು ಸೂಕ್ತ.

ಎದೆಯ ಚರ್ಮದ ವಿಶೇಷ

ಕೀಲಾಯ್ಡ್ ಎಂಬ ಉಬ್ಬುಕಲೆ ಮೂಡಲು ದೇಹದಲ್ಲಿ ಅತ್ಯಂತ ಅನುಕೂಲವಾದ ಜಾಗಗಳಲ್ಲಿ ಎದೆಯ ನಡುಭಾಗ ಒಂದು. ಕೆಲವರಲ್ಲಿ ಒಂದು ಮೊಡವೆ, ಒಂದು ಸಣ್ಣ ಸುಟ್ಟಗಾಯ ಸಾಕು, ಅದು ಮೂಲ ಗಾಯವನ್ನೂ ಮೀರಿ ಗಂಟಿನಂತೆ ಬೆಳೆಯುತ್ತದೆ. ತಮಗೆ ಅಥವಾ ಮನೆಯವರಿಗೆ ಇಂತಹ ಕಲೆ ಇದ್ದಲ್ಲಿ ವ್ಯಾಕ್ಸಿಂಗ್, ಲೇಸರ್‌ಗಳ ಗೊಡವೆಗೆ ಹೋಗದೆ ಟ್ರಿಮ್ಮರಿನಲ್ಲೇ ತೃಪ್ತಿಪಡುವುದು ಕ್ಷೇಮ.

ಎದೆಯಲ್ಲಿ ಸಿಬ್ಬು, ಹುಳುಕಡ್ಡಿ, ಬೆವರುಸಾಲೆ ಇದ್ದರೆ ಮೊದಲು ಅದು ವಾಸಿಯಾಗಬೇಕು. ರೋಮ ತೆಗೆದ ಮೇಲೆ ತುರಿಕೆಯೆಂದು ಸ್ಟೀರಾಯ್ಡ್ ಬೆರೆತ ಮುಲಾಮನ್ನು ಸ್ವಂತ ನಿರ್ಧಾರದಿಂದ ಹಚ್ಚಿದರೆ ಹುಳುಕಡ್ಡಿ ಇನ್ನಷ್ಟು ಹಬ್ಬುತ್ತದೆ. ಕೀವು, ಜ್ವರ, ಹರಡುವ ಕೆಂಪು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಶಸ್ತ್ರಚಿಕಿತ್ಸೆಗೆ ಮುನ್ನ ಬೇಡ

ಆಪರೇಷನ್ ಇದೆಯೆಂದು ಮನೆಯಲ್ಲೇ ಎದೆ ಬೋಳಿಸಿಕೊಂಡು ಆಸ್ಪತ್ರೆಗೆ ಹೋಗುವವರಿದ್ದಾರೆ. ಇದು ತಪ್ಪು. ರೇಜರಿನ ಸೂಕ್ಷ್ಮ ಗೀರುಗಳಲ್ಲಿ ಬ್ಯಾಕ್ಟೀರಿಯಾ ಬೆಳೆದು ಗಾಯ ಸೋಂಕಿಗೆ ಒಳಗಾಗಬಹುದು. ರೋಮವನ್ನು ತೆಗೆಯದಿರುವುದೇ ಮೇಲು, ಅನಿವಾರ್ಯವಾದರೆ ಕ್ಲಿಪ್ಪರಿನಿಂದ ಮಾತ್ರ ಕತ್ತರಿಸಬೇಕು, ಬೋಳಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸ್ಪಷ್ಟವಾಗಿ ಸೂಚಿಸಿದೆ. ಇಸಿಜಿ ತೆಗೆಸಲೂ ಮೊದಲೇ ಬೋಳಿಸಿಕೊಳ್ಳಬೇಕಿಲ್ಲ. ಅಗತ್ಯ ಬಿದ್ದರೆ ಸಿಬ್ಬಂದಿಯೇ ಆ ಜಾಗವನ್ನು ಅಣಿಗೊಳಿಸುತ್ತಾರೆ.

ಯಾರಿಗೆ ಯಾವುದು?

* ಅಚ್ಚುಕಟ್ಟು ಸಾಕೆನ್ನುವವರಿಗೆ, ಸೂಕ್ಷ್ಮ ಚರ್ಮದವರಿಗೆ: ಟ್ರಿಮ್ಮರ್.
* ಒಂದೆರಡು ದಿನದ ಸ್ಪರ್ಧೆ, ಸಮಾರಂಭಕ್ಕೆ: ಕ್ಷೌರ, ಅಥವಾ ಮುಂಚೆ ಪರೀಕ್ಷಿಸಿದ ಕ್ರೀಮು.
* ಕೆಲವು ವಾರ ನುಣುಪು ಬೇಕೆನ್ನುವ, ನೋವು ತಾಳಬಲ್ಲವರಿಗೆ: ವ್ಯಾಕ್ಸಿಂಗ್.
* ಪದೇ ಪದೇ ಒಳಮುದುರುವ ರೋಮದಿಂದ ಬಳಲುವವರಿಗೆ: ಟ್ರಿಮ್ಮರ್, ಅಥವಾ ಚರ್ಮವೈದ್ಯರ ಮೂಲಕ ಲೇಸರ್.
* ನರೆತ, ವಿರಳ ರೋಮಕ್ಕೆ: ಎಲೆಕ್ಟ್ರಾಲಿಸಿಸ್.
* ಹದಿನೆಂಟು ತುಂಬದವರಿಗೆ: ದೀರ್ಘಕಾಲದ ಯಾವ ಚಿಕಿತ್ಸೆಯೂ ಬೇಡ. ರೋಮ ಇನ್ನೂ ಬರುತ್ತಿರುವಾಗ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ಲೇಸರಿಗೆ ಹೋಗುವವರು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಯಂತ್ರ ಯಾವುದು? ಅದನ್ನು ನಡೆಸುವವರು ಯಾರು? ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡುತ್ತೀರಾ? ನೇರ ಉತ್ತರ ಸಿಗದಿದ್ದರೆ ಎದ್ದು ಬರಲು ಸಂಕೋಚ ಬೇಡ. ಚಿಕಿತ್ಸೆ ನೀಡುವವರು ವೈದ್ಯರೆಂದು ಹೇಳಿಕೊಂಡರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳುವ ಹಕ್ಕು ನಿಮಗಿದೆ.

ಎದೆಯ ರೋಮ ರೋಗವಲ್ಲ. ಅದು ಇದ್ದರೂ ಸರಿ, ಇರದಿದ್ದರೂ ಸರಿ. ಇತ್ತೀಚೆಗೆ ಏಕಾಏಕಿ ಮೈತುಂಬ ರೋಮ ಹೆಚ್ಚಿದ್ದರೆ ಮಾತ್ರ ಅದಕ್ಕೆ ಮಿನಾಕ್ಸಿಡಿಲ್‌ನಂತಹ ಔಷಧಗಳೋ, ಜಿಮ್‌ನಲ್ಲಿ ಕೊಟ್ಟ ಸ್ಟೀರಾಯ್ಡುಗಳೋ ಕಾರಣವೇ ಎಂದು ವೈದ್ಯರಲ್ಲಿ ವಿಚಾರಿಸಬೇಕು. ಉಳಿದಂತೆ ಇದು ಅವರವರ ಅಭಿರುಚಿಗೆ ಬಿಟ್ಟ ಮಾತು. ಸಂಗಾತಿಯೋ ಗೆಳೆಯರೋ ಆಡಿದ ಒಂದು ಮಾತಿಗೆ ನೊಂದು ಆತುರದಿಂದ ಶಾಶ್ವತ ಚಿಕಿತ್ಸೆಗೆ ಕೈಹಾಕುವ ಮುನ್ನ, ಟ್ರಿಮ್ಮರಿನಿಂದ ಆರಂಭಿಸಿ ನೋಡಿ. ಕತ್ತರಿಸಿದ ರೋಮ ಮತ್ತೆ ಬೆಳೆಯುತ್ತದೆ, ಸುಟ್ಟ ಕಲೆ ಮಾತ್ರ ಸುಲಭವಾಗಿ ಅಳಿಯುವುದಿಲ್ಲ.